ಅಮ್ಮ ‘ಇರಬಹುದು’ ಅಂದಿದ್ದು ಗೊತ್ತಿಲ್ಲ ಅಂತ ಅಲ್ಲ

ಬೇಲಿಹೂ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಅಮ್ಮ ಒಂದು ಅಪಘಾತದ ಕೇಸಿನಲ್ಲಿ ಸಾಕ್ಷಿ ಹೇಳಿ ಬಂದರು. ರಸ್ತೆ ದಾಟುತ್ತಿದ್ದ ಹುಡುಗನಿಗೆ ಕಾರು ಗುದ್ದಿದ್ದನ್ನು ಅವರು ಹತ್ತು ಹೆಜ್ಜೆ ದೂರದಲ್ಲಿ ನಿಂತು ನೋಡಿದ್ದರು. ಅವತ್ತು ರಾತ್ರಿ ಮನೆಯಲ್ಲಿ ಹೇಳುವಾಗ ಅವರ ಮಾತಿನಲ್ಲಿ ಒಂಚೂರೂ ಅನುಮಾನ ಇರಲಿಲ್ಲ. "ಹುಡುಗ ನಿಂತು, ಆ ಕಡೆ ಈ ಕಡೆ ನೋಡ್ಕೊಂಡೇ ಕಾಲಿಟ್ಟ ಕಣೇ. ಗಾಡಿ ನಿಲ್ಲಿಸಲೇ ಇಲ್ಲ" ಅಂದಿದ್ದರು. ಮೂರು ವರ್ಷ ಆಯಿತು. ಮನೆಯಲ್ಲಿ ಯಾವಾಗ ಕೇಳಿದರೂ ಅದೇ ಮಾತು.

ಕಟಕಟೆ ಹತ್ತಿದ ಮೇಲೆ ಅಮ್ಮನ ಮಾತೇ ಬೇರೆಯಾಯಿತು. ಕಾರು ವೇಗವಾಗಿ ಬರುತ್ತಿತ್ತಾ ಅಂತ ಕೇಳಿದರೆ "ಸ್ವಲ್ಪ ಜೋರಾಗೇ ಬರ್ತಿತ್ತು ಅನ್ಸುತ್ತೆ ಸ್ವಾಮಿ." ಬ್ರೇಕ್ ಹಾಕಿದರಾ ಅಂದರೆ "ಇಲ್ಲ ಅನ್ಸುತ್ತೆ." ಆಮೇಲೆ ಪಾಟೀಸವಾಲು. ಎದುರು ಪಕ್ಷದ ವಕೀಲರು ಗದರಿಸಲಿಲ್ಲ, ತುಂಬಾ ನಯವಾಗಿಯೇ ಕೇಳಿದರು: "ಅಮ್ಮಾ, ಹುಡುಗ ಅಡ್ಡ ಓಡಿ ಬಂದಿರಬಹುದು ಅಲ್ವಾ?" ಅಮ್ಮ ಒಂದು ಕ್ಷಣ ತಡೆದು "ಹೂಂ, ಇರಬಹುದು ಸ್ವಾಮಿ" ಅಂದುಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಎದೆ ಧಸಕ್ಕೆಂದಿತು.

ಹೊರಗೆ ಬಂದ ಮೇಲೆ ಯಾಕಮ್ಮ ಹಾಗಂದೆ ಅಂತ ಕೇಳಿದೆ. "ಅಷ್ಟು ದೊಡ್ಡವರು ಮರ್ಯಾದೆಯಿಂದ ಕೇಳ್ತಿರುವಾಗ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕಾಗುತ್ತೇನೇ?" ಅಂದರು.

ಅಮ್ಮ ಸುಳ್ಳು ಹೇಳಲಿಲ್ಲ, ಮರೆತೂ ಇರಲಿಲ್ಲ. ಮರ್ಯಾದೆ ಕೊಟ್ಟರು, ಅಷ್ಟೇ. ಆ ಮರ್ಯಾದೆ ಈಗ ಆ ಹುಡುಗನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದಾ? ಬೇರೆಯವರಿಗೂ ಹೀಗೆ ಆಗಿದೆಯಾ? ಕೋರ್ಟಿನವರಿಗೆ ಈ ವ್ಯತ್ಯಾಸ ಗೊತ್ತಾಗುತ್ತದಾ?

ಕಪ್ಪುಕೋಟು

ಬೇಲಿಹೂ ಅವರೇ, ನಾನು ಇಪ್ಪತ್ತು ವರ್ಷಕ್ಕೂ ಮೇಲೆ ವಕೀಲಿಕೆ ಮಾಡಿದವನು. ನಿಮ್ಮ ಅಮ್ಮನಿಗೆ ಆಗಿದ್ದನ್ನು ವಾರಕ್ಕೆ ನಾಲ್ಕು ಸಲ ನೋಡುತ್ತೇನೆ. ಅವರನ್ನು ಮಾತ್ರ ಬೈಯಬೇಡಿ.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಮುಖ್ಯ ವಿಚಾರಣೆಯಲ್ಲಿ, ಅಂದರೆ ಸಾಕ್ಷಿಯನ್ನು ಕರೆಸಿದ ಕಡೆಯ ವಕೀಲರು ಮೊದಲು ಕೇಳುವಾಗ, ಉತ್ತರವನ್ನು ಸಾಕ್ಷಿಯ ಬಾಯಿಗೆ ಹಾಕುವಂಥ ಪ್ರಶ್ನೆ ಕೇಳುವ ಹಾಗಿಲ್ಲ. ಎದುರು ಪಕ್ಷದವರು ಕೇಳುವ ಪಾಟೀಸವಾಲಿನಲ್ಲಿ ಕೇಳಬಹುದು. ಹಾಗಾಗಿ ಅಲ್ಲಿ ನಾವು ಕೇಳುವುದು ಹೆಚ್ಚಾಗಿ ಪ್ರಶ್ನೆಯೇ ಅಲ್ಲ, ಹೇಳಿಕೆಗೆ ‘ಅಲ್ವಾ’ ಎಂಬ ಬಾಲ. ಮನೆಯಲ್ಲಿ ‘ಅಲ್ವಾ’ ಅಂದರೆ ನೀನೂ ನನ್ನ ಜೊತೆ ಇದ್ದೀಯಲ್ಲ ಎಂಬ ಸಲಿಗೆ. ಕೋರ್ಟಿನಲ್ಲಿ ಅದು ಬೇಲಿ. ಸಾಕ್ಷಿ ಒಳಗೆ ಬಂದರೆ ಹೊರಗೆ ಹೋಗುವ ದಾರಿ ಕಿರಿದು. ‘ಇರಬಹುದು’ ಎಂಬ ಒಂದು ಪದಕ್ಕಾಗಿ ನಾನೂ ಹತ್ತು ಪ್ರಶ್ನೆ ಸುತ್ತಿಸಿ ಕೇಳಿದ್ದೇನೆ. ಅದು ನನ್ನ ಕಕ್ಷಿದಾರರಿಗೆ ನಾನು ಮಾಡಬೇಕಾದ ಕೆಲಸ. ಆದರೆ ನಿಮ್ಮ ಪೋಸ್ಟ್ ಓದಿದ ಮೇಲೆ ಅಂಥ ಕೆಲವು ಮುಖಗಳು ನೆನಪಿಗೆ ಬಂದವು.

ಒಂದು ಪದದಿಂದ ಕೇಸು ಮುಳುಗುವುದಿಲ್ಲ. ಸಾಕ್ಷ್ಯವನ್ನು ಇಡಿಯಾಗಿ ಓದಬೇಕು ಎಂಬುದು ನ್ಯಾಯಾಧೀಶರಿಗೆ ಗೊತ್ತು. ಒಂದು ಕೇಳಲಾ? ಪಾಟೀಸವಾಲು ಮುಗಿದ ಮೇಲೆ ನಿಮ್ಮ ಕಡೆಯ ವಕೀಲರು ಮರು ವಿಚಾರಣೆ ಮಾಡಿದರಾ? ಗೊಂದಲ ಆದ ಮಾತನ್ನು ಬಿಡಿಸಲು ಇರುವ ಜಾಗ ಅದೇ.

ಬೇಲಿಹೂ

ಇಲ್ಲ ಸರ್. "ಮರು ವಿಚಾರಣೆ ಇಲ್ಲ" ಅಂದರು. ಎಲ್ಲ ಸೇರಿ ಇಪ್ಪತ್ತು ನಿಮಿಷದಲ್ಲಿ ಮುಗಿದು ಹೋಯಿತು.

ಪದಹುಡುಕ

ನಾನು ಭಾಷಾಶಾಸ್ತ್ರ ಓದಿದವಳು. ಈ ವಿಷಯ ನನಗೆ ತುಂಬಾ ಹತ್ತಿರದ್ದು. ಬೇಲಿಹೂ ಕೇಳಿದ ‘ಕೋರ್ಟಿಗೆ ಗೊತ್ತಾಗುತ್ತದಾ’ ಎಂಬ ಪ್ರಶ್ನೆಯನ್ನು ಅರ್ಧ ಶತಮಾನದ ಹಿಂದೆಯೇ ಕೆಲವರು ಕೂತು ಅಳೆದು ನೋಡಿದ್ದಾರೆ.

1970ರ ದಶಕದಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞೆ ರಾಬಿನ್ ಲೇಕಾಫ್ ಒಂದು ಮಾತು ಹೇಳಿದರು. ‘ಅನ್ಸುತ್ತೆ’, ‘ಒಂಥರಾ’, ‘ಅಲ್ವಾ’ ತರಹದ ಮೆತ್ತನೆ ಮಾತು, ಅತಿ ವಿನಯ, ಹೇಳಿಕೆಯನ್ನೂ ಪ್ರಶ್ನೆಯ ದನಿಯಲ್ಲಿ ಹೇಳುವುದು, ಇವೆಲ್ಲ ಹೆಣ್ಣುಮಕ್ಕಳ ಮಾತಿನ ರೀತಿ ಎಂದು. ಅದು ನಿಜವಾ ಅಂತ ನೋಡಲು ಡ್ಯೂಕ್ ವಿಶ್ವವಿದ್ಯಾಲಯದ ವಿಲಿಯಂ ಓ'ಬಾರ್ ಮತ್ತು ಜೊತೆಗಾರರು 1974ರ ಬೇಸಿಗೆಯಲ್ಲಿ ಉತ್ತರ ಕೆರೊಲಿನಾದ ಕೋರ್ಟಿನ ವಿಚಾರಣೆಗಳನ್ನು ಧ್ವನಿಮುದ್ರಣ ಮಾಡಿದರು. ಹತ್ತು ವಾರ, 150 ಗಂಟೆಗೂ ಹೆಚ್ಚು ಟೇಪು. ಕೇಳುತ್ತಾ ಹೋದಂತೆ ಬೇರೆಯೇ ಚಿತ್ರ ಸಿಕ್ಕಿತು. ಹೀಗೆ ಮಾತಾಡುವ ಗಂಡಸರೂ ಇದ್ದರು, ಹೀಗೆ ಮಾತಾಡದ ಹೆಂಗಸರೂ ಇದ್ದರು. ವೃತ್ತಿ, ಸಾಮಾಜಿಕ ಸ್ಥಾನ, ಕೋರ್ಟಿನ ಅನುಭವ ಇದ್ದವರ ಮಾತಿನಲ್ಲಿ ಈ ಮೆತ್ತಗೆ ಮಾಡುವ ಪದಗಳು ಕಮ್ಮಿ. ಅವು ಇಲ್ಲದವರ ಮಾತಿನಲ್ಲಿ ಜಾಸ್ತಿ. ಹಾಗಾಗಿ ಅವರು ಇದನ್ನು ‘ಅಧಿಕಾರವಿಲ್ಲದವರ ಮಾತು’ ಅಂತ ಕರೆದರು.

ಆಮೇಲೆ 1978ರಲ್ಲಿ ಪ್ರಯೋಗ ಮಾಡಿದರು. ಒಂದೇ ಸಾಕ್ಷ್ಯ, ಅದೇ ಸಂಗತಿಗಳು. ಆಂಬುಲೆನ್ಸ್ ಬರಲು ಎಷ್ಟು ಹೊತ್ತಾಯಿತು ಎಂಬ ಪ್ರಶ್ನೆಗೆ ಒಂದು ಟೇಪಿನಲ್ಲಿ ನೇರವಾಗಿ ‘ಇಪ್ಪತ್ತು ನಿಮಿಷ’ ಎಂಬ ಉತ್ತರ. ಇನ್ನೊಂದರಲ್ಲಿ ‘ಓ, ಒಂದು ಇಪ್ಪತ್ತು ನಿಮಿಷ ಆಗಿರಬೇಕು ಅನ್ಸುತ್ತೆ’ ಎಂಬ ಧಾಟಿ. ಹೇಳಿದ ಹೊತ್ತು ಎರಡರಲ್ಲೂ ಒಂದೇ. ಕೇಳಿದವರು ಎರಡನೆಯ ಸಾಕ್ಷಿಯನ್ನು ಕಮ್ಮಿ ನಂಬಿದರು. ಹೇಳಿದ್ದು ಗಂಡಸಾದರೂ ಅಷ್ಟೇ, ಹೆಂಗಸಾದರೂ ಅಷ್ಟೇ.

ಇದೇ ಕೆಲಸದಲ್ಲಿ ಇನ್ನೊಂದು ಅಂಶ ಇದೆ, ಅದು ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು. ಕೋರ್ಟಿಗೆ ತಕ್ಕ ಹಾಗೆ ಮಾತಾಡಬೇಕು ಅಂತ ಕೆಲವರು ದೊಡ್ಡ ದೊಡ್ಡ ಪದ ಬಳಸಲು ಹೋಗುತ್ತಾರೆ. ಅಂಥವರ ಮಾತಿನ ಮೇಲೂ ಕೇಳುವವರಿಗೆ ನಂಬಿಕೆ ಕಮ್ಮಿಯಾಯಿತು. ತಮ್ಮ ಮಾತು ಆಡಿದರೆ ಮೆತ್ತಗಾಯಿತು, ಬೇರೆಯವರ ಮಾತು ಆಡಿದರೆ ನಾಟಕವಾಯಿತು. ಸಾಮಾನ್ಯ ಜನ ಯಾವ ಕಡೆ ಹೋಗಬೇಕು ಹೇಳಿ.

ದಾರಿಹೋಕ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಹಾಗಾಗಿ ಬೇರೆ ಮಾತು ಹೇಳಲೇಬೇಕು ಅನ್ನಿಸಿತು. ಕಟಕಟೆಯ ಆ ಕಡೆಯಲ್ಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನ ಬದುಕೂ ಅದೇ ಸಾಕ್ಷ್ಯದ ಮೇಲೆ ನಿಂತಿರುತ್ತದೆ. ಸಾಕ್ಷಿಯೇ ‘ಅನ್ಸುತ್ತೆ’ ಅಂದರೆ ಅದಕ್ಕೆ ತೂಕ ಕಮ್ಮಿ ಕೊಡುವುದರಲ್ಲಿ ತಪ್ಪೇನು? ಅದು ಮರ್ಯಾದೆಯ ‘ಅನ್ಸುತ್ತೆ’, ಅನುಮಾನದ್ದಲ್ಲ ಅಂತ ಯಾರು ನಿರ್ಧಾರ ಮಾಡಬೇಕು? ಮಗಳಾ?

ನನ್ನದೇ ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಹೊಡೆದಾಟದ ಕೇಸಿನಲ್ಲಿ ನಾನು ಸಾಕ್ಷಿ. ನಾನು ಸ್ವಲ್ಪ ಗಟ್ಟಿ ದನಿಯವನು. ಹೊಡೆದವನು ನೀಲಿ ಅಂಗಿ ಹಾಕಿದ್ದ ಅಂತ ಖಚಿತವಾಗಿ ಹೇಳಿದೆ. ‘ಒಳ್ಳೆ ಸಾಕ್ಷಿ’ ಅಂತ ಎಲ್ಲರೂ ಮೆಚ್ಚಿದರು. ಆಮೇಲೆ ಆ ದಿನದ ಒಂದು ಫೋಟೋ ಸಿಕ್ಕಿತು. ನೀಲಿ ಅಂಗಿ ಹಾಕಿದ್ದವನು ಬಿಡಿಸಲು ಬಂದವನು. ನನ್ನ ಪಕ್ಕದಲ್ಲಿದ್ದ ಹಿರಿಯರು ಮಾತ್ರ "ಅಂಗಿ ಬಣ್ಣ ಸರಿಯಾಗಿ ನೆನಪಿಲ್ಲ ಸಾರ್, ಗಲಾಟೆಲಿ ನೋಡ್ಲಿಲ್ಲ" ಅಂದಿದ್ದರು. ಅವರನ್ನು ಯಾರೂ ಮೆಚ್ಚಲಿಲ್ಲ. ಆ ಹಿರಿಯರ ಹಾಗೆ ಮಾತಾಡುವವರು ಕೋರ್ಟಿನಲ್ಲಿ ಇರಬೇಕು ಅಂತ ನನ್ನ ಆಸೆ. ಅವರಿಗೂ ಗಟ್ಟಿ ದನಿ ಕಲಿಸಿಬಿಟ್ಟರೆ ಇನ್ನೂ ನಾಲ್ಕು ಜನ ನನ್ನಂಥವರು ಹುಟ್ಟುತ್ತಾರೆ ಅಷ್ಟೇ.

ಪದಹುಡುಕ

ದಾರಿಹೋಕ ಅವರೇ, ನೀವು ಹೇಳಿದ ಹಿರಿಯರು ಮತ್ತು ಬೇಲಿಹೂ ಅವರ ಅಮ್ಮ ಒಂದೇ ಕೆಲಸ ಮಾಡಲಿಲ್ಲ ಅಂತ ನನಗೆ ಕಾಣುತ್ತದೆ. ಹಿರಿಯರು ತಮ್ಮ ನೆನಪಿನ ಬಗ್ಗೆ ಹೇಳಿದರು. ಇಷ್ಟು ನೋಡಿದೆ, ಇಷ್ಟು ನೋಡಲಿಲ್ಲ ಎಂದು. ಅಮ್ಮ ತಮ್ಮ ಮತ್ತು ವಕೀಲರ ನಡುವಿನ ಸಂಬಂಧದ ಬಗ್ಗೆ ಹೇಳಿದರು. ನೀವು ದೊಡ್ಡವರು, ನಿಮ್ಮ ಮಾತು ನಾನು ತಳ್ಳಿಹಾಕುತ್ತಿಲ್ಲ ಎಂದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಸಾಕಾಗುತ್ತದೆ. ತೊಂದರೆ ಇರುವುದೇ ಅಲ್ಲಿ. ‘ಬಂದಿರಬಹುದು’, ‘ಬಂದನೇನೋ’, ‘ಹಾಗೆ ಅನ್ಸುತ್ತೆ’, ‘ನನಗೆ ತಿಳಿದ ಮಟ್ಟಿಗೆ’. ದಿನಾ ಆಡುವ ಈ ಮಾತುಗಳಲ್ಲಿ ಎಷ್ಟು ಅನುಮಾನಕ್ಕೆ, ಎಷ್ಟು ವಿನಯಕ್ಕೆ ಅಂತ ಒಮ್ಮೆ ಎಣಿಸಿ ನೋಡಿ. ತಮ್ಮ ಮಗನ ಮದುವೆ ತಾರೀಖು ಗೊತ್ತಿದ್ದೂ "ಮುಂದಿನ ತಿಂಗಳು ಇಟ್ಕೊಂಡಿದೀವಿ ಅನ್ಸುತ್ತೆ" ಅನ್ನುವವರನ್ನು ನಾನು ಕೇಳಿದ್ದೇನೆ.

ಬೆರಳಚ್ಚು

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತಿ ಆದವನು. ಸಾವಿರಾರು ಸಾಕ್ಷಿಗಳ ಮಾತು ನನ್ನ ಬೆರಳಿನಿಂದ ಹಾದು ಹೋಗಿದೆ. ಯಾರೂ ಹೇಳದ ಒಂದು ವಿಷಯ ಇದೆ, ಹೇಳುತ್ತೇನೆ.

ಅಮ್ಮ ಏನು ಹೇಳಿದರು ಎಂಬುದಕ್ಕಿಂತ ಹಾಳೆಯಲ್ಲಿ ಏನು ಕೂತಿತು ಎಂಬುದು ಮುಖ್ಯ. ಎಷ್ಟೋ ಕಡೆ ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು ಅಂತ ಬರೆಯುವುದಿಲ್ಲ. ಎರಡನ್ನೂ ಕಲಸಿ, ಸಾಕ್ಷಿಯೇ ಹೇಳಿದ ಹಾಗೆ ವಾಕ್ಯ ಮಾಡುತ್ತಾರೆ. ವಕೀಲರು "ಹುಡುಗ ಅಡ್ಡ ಓಡಿ ಬಂದಿರಬಹುದು ಅಲ್ವಾ" ಅಂದರು, ಅಮ್ಮ "ಹೂಂ, ಇರಬಹುದು" ಅಂದರು. ಹಾಳೆಯಲ್ಲಿ ಬರುವುದು ಹೀಗೆ: ‘ಹುಡುಗನು ರಸ್ತೆಗೆ ಅಡ್ಡಲಾಗಿ ಓಡಿ ಬಂದಿರಬಹುದು.’ ವಕೀಲರ ಪದ, ಅಮ್ಮನ ಬಾಯಿ. ಆರು ತಿಂಗಳು ಬಿಟ್ಟು ಓದುವವರಿಗೆ ಅದು ಅಮ್ಮನೇ ತಾನಾಗಿ ಹೇಳಿದ ಮಾತು. ಅವರು ತಡೆದ ಆ ಒಂದು ಕ್ಷಣ, ತಲೆ ತಗ್ಗಿಸಿದ್ದು, ದನಿ ಇಳಿದದ್ದು, ಯಾವುದೂ ಹಾಳೆಯಲ್ಲಿ ಇಲ್ಲ.

ಇನ್ನು ‘ಹೂಂ’. ನನ್ನ ಇಡೀ ನೌಕರಿಯಲ್ಲಿ ನನಗೆ ಜಾಸ್ತಿ ಕಷ್ಟ ಕೊಟ್ಟ ಪದ ಇದು. ನಮ್ಮ ಜನ ‘ಹೂಂ’ ಅನ್ನುವುದು ಒಪ್ಪಿಗೆಗೆ ಮಾತ್ರ ಅಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಅನ್ನುವುದಕ್ಕೂ ‘ಹೂಂ’. ಕಥೆ ಕೇಳುವ ಮಗು ಹೂಂಗುಡುವ ಹಾಗೆ. ವಕೀಲರು ಉದ್ದದ ಪ್ರಶ್ನೆ ಶುರು ಮಾಡುತ್ತಾರೆ, ಸಾಕ್ಷಿ ನಡುನಡುವೆ ‘ಹೂಂ, ಹೂಂ’ ಅನ್ನುತ್ತಿರುತ್ತಾರೆ, ಪ್ರಶ್ನೆ ಮುಗಿಯುವ ಹೊತ್ತಿಗೆ ಕೊನೆಯ ‘ಹೂಂ’ ‘ಹೌದು’ ಆಗಿ ಬರೆಸಲ್ಪಡುತ್ತದೆ. ಇದನ್ನು ಗಮನಿಸುವ ನ್ಯಾಯಾಧೀಶರನ್ನು ನಾನು ಕಂಡಿದ್ದೇನೆ. ಒಬ್ಬರು ಪ್ರತಿ ಸಲ ಬರೆಸುವುದನ್ನು ನಿಲ್ಲಿಸಿ, "ಅಜ್ಜಿ, ಹೌದು ಅಂತಲಾ, ಕೇಳಿಸ್ತು ಅಂತಲಾ?" ಅಂತ ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಐದು ಸೆಕೆಂಡು ಹಿಡಿಯುತ್ತಿತ್ತು.

ಸಾಕ್ಷ್ಯ ಬರೆದಾದ ಮೇಲೆ ಓದಿ ಹೇಳಿ ಸಹಿ ಹಾಕಿಸುತ್ತಾರೆ. ಆಗ ತಪ್ಪಿದ್ದರೆ ಹೇಳಬಹುದು. ಆದರೆ ಆ ಹೊತ್ತಿಗೆ ಸಾಕ್ಷಿಗೆ ಇಲ್ಲಿಂದ ಹೋದರೆ ಸಾಕಾಗಿರುತ್ತದೆ. ಬೇಲಿಹೂ ಮೇಡಂ, ನಕಲು ತೆಗೆದುಕೊಂಡಿದ್ದೀರಾ? ಮೊದಲು ಅದನ್ನು ತೆಗೆಸಿ.

ನಡುವಿನದನಿ

ಬೆರಳಚ್ಚು ಸರ್ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ವಿಚಾರಣೆಗಳಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೇಳುವ ಕೆಲಸ ಮಾಡುತ್ತೇನೆ.

ನಮ್ಮ ‘ಅಂತೆ’ ಇದೆಯಲ್ಲ, ಅದು ಎಂಥ ಒಳ್ಳೆಯ ಪದ ಅಂತ ಕೋರ್ಟಿಗೆ ಹೋದ ಮೇಲೆ ನನಗೆ ಗೊತ್ತಾಗಿದ್ದು. ‘ಅವನು ದುಡ್ಡು ಕೊಟ್ಟ’ ಅಂದರೆ ನಾನು ಬಲ್ಲೆ ಅಂತ. ‘ಕೊಟ್ಟನಂತೆ’ ಅಂದರೆ ಬೇರೆಯವರು ಹೇಳಿದ್ದು ಕೇಳಿದೆ ಅಂತ. ಕೇಳಿದ ಮಾತನ್ನು ಸಾಮಾನ್ಯವಾಗಿ ಸಾಕ್ಷ್ಯ ಅಂತ ಒಪ್ಪುವುದಿಲ್ಲ, ಕಂಡಿದ್ದನ್ನು ಹೇಳಬೇಕು ಎಂಬುದು ಕಾನೂನು. ಅಕ್ಷರ ಬಾರದ ಅಜ್ಜಿಯೂ ಈ ಗೆರೆಯನ್ನು ಒಂದು ಪ್ರತ್ಯಯದಲ್ಲಿ ಎಳೆದು ತೋರಿಸುತ್ತಾಳೆ. ಎಷ್ಟು ಪ್ರಾಮಾಣಿಕ ಮಾತು! ಇಂಗ್ಲಿಷಿಗೆ ಹೋಗುವಾಗ ಆ ‘ಅಂತೆ’ ಎಲ್ಲೋ ಉದುರಿ ಹೋಗುತ್ತದೆ. ಆಮೇಲೆ ಪಾಟೀಸವಾಲಿನಲ್ಲಿ "ನೀವು ನೋಡದೇ ನೋಡಿದೆ ಅಂತ ಹೇಳಿದ್ದೀರಿ" ಅನ್ನುತ್ತಾರೆ. ಅಜ್ಜಿ ಹಾಗೆ ಹೇಳಿರಲೇ ಇಲ್ಲ. ತಿರುಗಿಸಿ ಹೇಳಿದ ನಮ್ಮ ತಪ್ಪಿಗೆ ಅವಳು ಸುಳ್ಳುಗಾರ್ತಿ ಆಗುತ್ತಾಳೆ.

ಉಲ್ಟಾ ಕೂಡ ಆಗುತ್ತದೆ. ಅಮೆರಿಕದ ಕೋರ್ಟುಗಳಲ್ಲಿ ಸ್ಪ್ಯಾನಿಷ್ ದುಭಾಷಿಗಳ ಕೆಲಸವನ್ನು ಹತ್ತಿರದಿಂದ ನೋಡಿದ ಸೂಸನ್ ಬರ್ಕ್-ಸೆಲಿಗ್ಸನ್ 1990ರಲ್ಲಿ ಬರೆದದ್ದನ್ನು ನಮ್ಮ ತರಬೇತಿಯಲ್ಲಿ ಓದಿಸಿದ್ದರು. ಸಾಕ್ಷಿ ಹೇಳದ ‘ಸರ್’ ಅನ್ನು ದುಭಾಷಿ ಸೇರಿಸುತ್ತಾರೆ, ಇಲ್ಲವೇ ಹೇಳಿದ್ದನ್ನು ಬಿಡುತ್ತಾರೆ. ನೇರ ಉತ್ತರಕ್ಕೆ ಮೆತ್ತನೆ ಪದ ಅಂಟಿಸುತ್ತಾರೆ. ಕೇಳುವವರು ಸಾಕ್ಷಿಯನ್ನು ಅಳೆಯುವುದು ಇದರ ಮೇಲೆಯೇ. ವಿನಯದ ಪದ ಉಳಿಸಿ ತಿರುಗಿಸಿದ ಸಾಕ್ಷಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಬಂತು ಎಂಬುದೂ ಅವರ ಪ್ರಯೋಗದಲ್ಲೇ ಇದೆ. ಹಾಗಾಗಿ ಮೆತ್ತನೆ ಮಾತು ಎಲ್ಲವೂ ಒಂದೇ ಅಲ್ಲ. ಮರ್ಯಾದೆ ತೋರಿಸುವ ‘ಸ್ವಾಮಿ’ ಸಾಕ್ಷಿಯನ್ನು ಕಾಯುತ್ತದೆ, ‘ಅನ್ಸುತ್ತೆ’ ಕೆಳಗೆ ತಳ್ಳುತ್ತದೆ. ಅಮ್ಮ ಎರಡನ್ನೂ ಮರ್ಯಾದೆ ಅಂತಲೇ ಆಡಿದ್ದು.

ಹಣತೆ

ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಜೊತೆ ಕೋರ್ಟಿಗೆ ಹೋಗುವವಳು ನಾನು. ಮೆತ್ತನೆ ಮಾತು ಅಂದರೆ ‘ಅನ್ಸುತ್ತೆ’ ಮಾತ್ರ ಅಲ್ಲ ಅಂತ ಹೇಳಲು ಬಂದೆ.

‘ಕೆಟ್ಟದಾಗಿ ನಡ್ಕೊಂಡ.’ ‘ಹಾಳು ಮಾಡಿದ.’ ‘ಮಾಡಬಾರದ್ದು ಮಾಡಿದ.’ ನಮ್ಮ ಹುಡುಗಿಯರು ಆಡುವ ಮಾತು ಇವು. ಈ ಮಾತುಗಳನ್ನು ಅವರಿಗೆ ಕಲಿಸಿದ್ದು ನಾವೇ. ಹುಟ್ಟಿದಾಗಿನಿಂದ ಮೈಯ ಭಾಗಗಳ ಹೆಸರು ಬಾಯಲ್ಲಿ ಬರಬಾರದು ಅಂತ ಬೆಳೆಸಿ, ಒಂದು ದಿನ ಗುರುತಿಲ್ಲದವರು ತುಂಬಿದ ಕೋಣೆಯಲ್ಲಿ ನಿಲ್ಲಿಸಿ "ಏನು ಮಾಡಿದ, ಸರಿಯಾಗಿ ಹೇಳಿ" ಅನ್ನುತ್ತೇವೆ. ಕಾನೂನಿಗೆ ಏನಾಯಿತು, ಎಲ್ಲಿ, ಹೇಗೆ ಎಂಬುದು ಬಿಡಿಬಿಡಿಯಾಗಿ ಬೇಕು. ‘ಕೆಟ್ಟದಾಗಿ ನಡ್ಕೊಂಡ’ ಎಂಬುದು ಬೈದದ್ದೂ ಆಗಬಹುದು, ಅತ್ಯಾಚಾರವೂ ಆಗಬಹುದು. ಆ ಅಂತರದಲ್ಲಿ ಅಪರಾಧದ ಹೆಸರೇ ಬದಲಾಗುತ್ತದೆ.

ಗಂಡನ ಮನೆಯ ಹಿಂಸೆಯಲ್ಲೂ ಹಾಗೆಯೇ. ‘ಕೈ ಮಾಡಿದ್ರು’ ಅನ್ನುತ್ತಾರೆ, ‘ಮಾತಿಗೆ ಮಾತು ಬೆಳೀತು’ ಅನ್ನುತ್ತಾರೆ, ‘ಒಂದೆರಡು ಏಟು’ ಅನ್ನುತ್ತಾರೆ. ಆ ಒಂದೆರಡು ಏಟಿಗೆ ಕೈಮೂಳೆ ಮುರಿದಿರುತ್ತದೆ. ಎಕ್ಸ್‌ರೇ ಒಂದು ಹೇಳುತ್ತದೆ, ಅವಳ ಬಾಯಿ ಒಂದು ಹೇಳುತ್ತದೆ. ಎದುರು ವಕೀಲರು ಎರಡನ್ನೂ ಪಕ್ಕದಲ್ಲಿಟ್ಟು, ಏಣಿಯಿಂದ ಬಿದ್ದಿರಬೇಕು ಅಂತ ವಾದ ಮಾಡುತ್ತಾರೆ. ಅವಳು ಯಾರನ್ನೂ ಕಾಪಾಡಲು ಹಾಗೆ ಹೇಳಿದ್ದಲ್ಲ. ಆ ಮಾತನ್ನು ಪೂರ್ತಿ ಹೇಳಿದರೆ ತನ್ನ ಮೇಲೆಯೇ ಇನ್ನೊಂದು ಸಲ ಬಿದ್ದ ಹಾಗೆ ಅನ್ನಿಸುತ್ತದೆ. ಒಬ್ಬಳು ನನಗೆ ಹೇಳಿದ್ದಳು, "ಅಕ್ಕಾ, ಸಣ್ಣ ಪದ ಬಳಸಿದ್ರೆ ನೋವೂ ಸಣ್ಣದಾಗಿ ಕಾಣುತ್ತೆ" ಅಂತ.

ದಾರಿಹೋಕ ಅವರೇ, ನೀವು ‘ಯಾರು ನಿರ್ಧಾರ ಮಾಡಬೇಕು’ ಅಂತ ಕೇಳಿದಿರಿ. ಕೇಳಿಸಿಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಬೇಕು. ‘ಕೈ ಮಾಡಿದ್ರು ಅಂದ್ರೆ ಏನು ಮಾಡಿದ್ರು, ಯಾವ ಕೈಯಿಂದ, ಎಲ್ಲಿಗೆ ತಾಗಿತು’ ಅಂತ. ಸಮಾಧಾನವಾಗಿ ಕೇಳಿದರೆ ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ದಾರಿಹೋಕ

ಹಣತೆ ಅವರೇ, ಓದಿದೆ. ಇದು ನನಗೆ ಹೊಳೆದಿರಲಿಲ್ಲ. ನಾನು ‘ಅನ್ಸುತ್ತೆ’ ಮಾತ್ರ ತಲೆಯಲ್ಲಿ ಇಟ್ಟುಕೊಂಡಿದ್ದೆ. ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ನನ್ನನ್ನೂ ಅವತ್ತು ಯಾರಾದರೂ "ನೀಲಿ ಅಂಗಿಯವನು ಹೊಡೆಯುವುದನ್ನು ನೋಡಿದ್ಯಾ, ಅಲ್ಲಿ ಇದ್ದದ್ದನ್ನು ನೋಡಿದ್ಯಾ" ಅಂತ ಕೇಳಿದ್ದರೆ ನಿಲ್ಲುತ್ತಿದ್ದೆ.

ಪದಹುಡುಕ

ಪ್ರಶ್ನೆಯ ಪದಕ್ಕೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಬದಲಿಸಿದ್ದು ಒಂದೇ ಕ್ರಿಯಾಪದ. ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಬಳಸಿದಾಗ ಸರಾಸರಿ ಉತ್ತರ ಗಂಟೆಗೆ ಸುಮಾರು 40 ಮೈಲಿ. ‘ತಾಗಿದಾಗ’ ಎಂಬಂಥ ಮೆತ್ತನೆ ಪದಕ್ಕೆ ಸುಮಾರು 32. ಕೇಳುವವರ ಪದ ಮೆತ್ತಗಾದರೆ ಹೇಳುವವರ ನೆನಪೂ ಮೆತ್ತಗಾಗುತ್ತದೆ. ಬೇಲಿಹೂ ಅವರ ಅಮ್ಮನಿಗೆ ವಕೀಲರು ನಯವಾಗಿ ಕೇಳಿದರು ಅಂತ ಬರೆದಿದ್ದರಲ್ಲ, ಆ ನಯವೂ ಪ್ರಶ್ನೆಯ ಭಾಗವೇ.

‘ಹೂಂ’ ಬಗ್ಗೆ ಬೆರಳಚ್ಚು ಸರ್ ಬರೆದದ್ದು ಓದಿದಾಗ ಆಸ್ಟ್ರೇಲಿಯಾದ ಡಯಾನಾ ಈಡ್ಸ್ ನೆನಪಾದರು. ಅಲ್ಲಿನ ಮೂಲನಿವಾಸಿಗಳು ಪೊಲೀಸರ, ವಕೀಲರ ಪ್ರಶ್ನೆಗೆ ಒಪ್ಪಿಗೆ ಇಲ್ಲದಿದ್ದರೂ, ಕೆಲವು ಸಲ ಪ್ರಶ್ನೆ ಅರ್ಥವಾಗದಿದ್ದರೂ ‘ಹೌದು’ ಅನ್ನುವುದನ್ನು ಅವರು ವರ್ಷಗಟ್ಟಲೆ ಗಮನಿಸಿದರು. ಅದು ಜಗಳ ಬೇಡ, ಇದು ಬೇಗ ಮುಗಿಯಲಿ ಎಂಬ ‘ಹೌದು’. ಅವರ ಮೌನವೂ ತಪ್ಪಾಗಿ ಅರ್ಥವಾಗುತ್ತಿತ್ತು. ಉತ್ತರ ಕೊಡುವ ಮುಂಚೆ ಸುಮ್ಮನಿರುವುದು ಅವರಲ್ಲಿ ಯೋಚನೆ ಮಾಡುವ ರೀತಿ. ಕೋರ್ಟಿಗೆ ಅದು ತಪ್ಪಿಸಿಕೊಳ್ಳುವ ಹಾಗೆ ಕಾಣುತ್ತಿತ್ತು. ಈಡ್ಸ್ ಬರೆದ ಕೈಪಿಡಿಯನ್ನು ಕ್ವೀನ್ಸ್‌ಲ್ಯಾಂಡ್‌ನ ವಕೀಲರ ಸಂಘ 1992ರಲ್ಲಿ ಹೊರತಂದಿತು. ಸಾಕ್ಷಿಗಳಿಗೆ ಪಾಠ ಹೇಳುವ ಬದಲು ವಕೀಲರಿಗೆ ಕೇಳಿಸಿಕೊಳ್ಳಲು ಕಲಿಸುವ ಪುಸ್ತಕ ಅದು. ನನಗೆ ಅದರಲ್ಲಿ ಇಷ್ಟವಾಗಿದ್ದೇ ಅದು.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1994ರ ಡೇವಿಸ್ ಪ್ರಕರಣ. ತನಿಖೆಯವರು ಪ್ರಶ್ನೆ ಕೇಳುತ್ತಿರುವಾಗ ಶಂಕಿತ ಡೇವಿಸ್ ‘ನಾನು ವಕೀಲರ ಹತ್ತಿರ ಮಾತಾಡಬೇಕೇನೋ’ ಎಂಬ ಅರ್ಥದ ಮಾತು ಆಡಿದ. ವಕೀಲರು ಬೇಕು ಅಂತ ಸ್ಪಷ್ಟವಾಗಿ ಕೇಳಿದರೆ ಅಲ್ಲಿ ಪ್ರಶ್ನೆ ನಿಲ್ಲಿಸಬೇಕು. ಇದು ಸ್ಪಷ್ಟ ಬೇಡಿಕೆ ಅಲ್ಲ, ಹಾಗಾಗಿ ಪ್ರಶ್ನೆ ನಿಲ್ಲಿಸಬೇಕಾಗಿಲ್ಲ ಎಂದಿತು ಕೋರ್ಟು. ಆ ತನಿಖೆಯವರು ಏನೋ ಮತ್ತೆ ಕೇಳಿ ಖಚಿತ ಮಾಡಿಕೊಂಡಿದ್ದರು. ಆದರೆ ಹಾಗೆ ಕೇಳಲೇಬೇಕು ಎಂಬ ಕಡ್ಡಾಯವನ್ನೂ ಕೋರ್ಟು ಹಾಕಲಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ, 1993ರಲ್ಲಿ, ಕಾನೂನು ಪ್ರಾಧ್ಯಾಪಕಿ ಜಾನೆಟ್ ಏನ್ಸ್‌ವರ್ತ್ ಈ ಅಪಾಯದ ಬಗ್ಗೆ ಬರೆದಿದ್ದರು. ನೇರ ಮಾತನ್ನು ಮಾತ್ರ ಬೇಡಿಕೆ ಅಂತ ಒಪ್ಪಿದರೆ, ಅಧಿಕಾರದ ಎದುರು ನೇರ ಮಾತು ಬಾರದವರು ತಮ್ಮ ಹಕ್ಕನ್ನೇ ಕಳೆದುಕೊಳ್ಳುತ್ತಾರೆ ಎಂದು. ಒಂದು ‘ಏನೋ’ ಎಷ್ಟು ತೂಕದ್ದು ನೋಡಿ.

ಕಪ್ಪುಕೋಟು

ನಿನ್ನೆಯಿಂದ ಇದನ್ನೇ ಯೋಚನೆ ಮಾಡುತ್ತಿದ್ದೇನೆ. ಬೇಲಿಹೂ ಅವರಿಗೆ ಮತ್ತು ಮುಂದೆ ಸಾಕ್ಷಿ ಹೇಳಲು ಹೋಗುವವರಿಗೆ ನನ್ನ ಕಡೆಯಿಂದ ಕೆಲವು ಮಾತು.

ಮೊದಲು ಎಚ್ಚರಿಕೆ. ಸಾಕ್ಷಿಗೆ ಏನು ಹೇಳಬೇಕು ಅಂತ ಹೇಳಿಕೊಡಬಾರದು. ಅಮ್ಮನಿಗೆ "ವೇಗವಾಗಿ ಬಂತು ಅನ್ನು" ಅಂತ ಹೇಳಿಕೊಟ್ಟರೆ ನೀವೇ ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ, ಸತ್ಯಕ್ಕೂ ತೊಂದರೆ. ಆದರೆ ಅಲ್ಲಿ ಹೇಗೆ ನಡೆಯುತ್ತದೆ, ಏನು ಮಾಡಲು ಅವಕಾಶ ಇದೆ ಅಂತ ಹೇಳುವುದು ತಪ್ಪಲ್ಲ. ನಾನು ನನ್ನ ಸಾಕ್ಷಿಗಳಿಗೆ ಇಷ್ಟು ಹೇಳುತ್ತೇನೆ: ಅಲ್ಲಿ ‘ಇಲ್ಲ’ ಅನ್ನುವುದು ಅವಮರ್ಯಾದೆ ಅಲ್ಲ. "ಇಲ್ಲ ಸ್ವಾಮಿ, ಹಾಗಾಗಲಿಲ್ಲ" ಅಂತ ಕೈ ಮುಗಿದುಕೊಂಡೇ ಹೇಳಬಹುದು. ಮರ್ಯಾದೆ ‘ಸ್ವಾಮಿ’ಯಲ್ಲಿ ಇರಲಿ, ಸತ್ಯ ‘ಇಲ್ಲ’ದಲ್ಲಿ ಇರಲಿ. ಇಷ್ಟು ಹೇಳಿದರೆ ಎಷ್ಟೋ ಜನರ ಭುಜ ಹಗುರ ಆಗುವುದನ್ನು ನೋಡಿದ್ದೇನೆ. ಯಾರೂ ಅವರಿಗೆ ಹಾಗೆ ಹೇಳಿರುವುದಿಲ್ಲ.

ಎರಡನೆಯದು, ‘ಗೊತ್ತಿಲ್ಲ’, ‘ನೆನಪಿಲ್ಲ’, ‘ನೋಡಿಲ್ಲ’ ಮೂರೂ ಬೇರೆ ಬೇರೆ. ಜನ ಒಂದರ ಜಾಗದಲ್ಲಿ ಇನ್ನೊಂದು ಆಡುತ್ತಾರೆ. ಅವತ್ತು ನೋಡಿ ಈಗ ಮರೆತದ್ದು ನೆನಪಿಲ್ಲ. ಅಲ್ಲೇ ಇದ್ದೂ ಕಣ್ಣಿಗೆ ಬೀಳದ್ದು ನೋಡಿಲ್ಲ. ಸಾಕ್ಷಿ ಸರಿಯಾದ್ದನ್ನು ಆರಿಸಿಕೊಂಡರೆ ಅರ್ಧ ಪಾಟೀಸವಾಲು ತಾನಾಗೇ ಬೀಳುತ್ತದೆ. ಅನುಮಾನ ನಿಜವಾಗಿಯೂ ಇದ್ದರೆ ಅದನ್ನು ಮುಚ್ಚಬೇಡಿ, ಯಾವುದರ ಮೇಲೆ ಅಂತ ಬಿಡಿಸಿ ಹೇಳಿ. "ಬಣ್ಣ ನೆನಪಿಲ್ಲ, ನಿಲ್ಲಿಸಲಿಲ್ಲ ಅನ್ನೋದು ಖಂಡಿತ" ಅಂದರೆ ಒಂದು ಅನುಮಾನ ಇಡೀ ಮಾತಿಗೆ ಹರಡುವುದಿಲ್ಲ. ದಾರಿಹೋಕ ಹೇಳಿದ ಹಿರಿಯರು ಮಾಡಿದ್ದು ಇದನ್ನೇ.

ನಮ್ಮ ವಕೀಲರಿಗೂ ಒಂದು ಮಾತು. ನಮ್ಮ ಸಾಕ್ಷಿ ‘ಇರಬಹುದು’ ಅಂದ ತಕ್ಷಣ ಮರು ವಿಚಾರಣೆಗೆ ಏಳಬೇಕು. "ಇರಬಹುದು ಅಂದಿರಲ್ಲ, ನೀವು ಕಣ್ಣಿಂದ ಕಂಡದ್ದು ಏನು?" ಒಂದೇ ಪ್ರಶ್ನೆ ಸಾಕು. ಏಳದೇ ಕೂತರೆ ತಪ್ಪು ಸಾಕ್ಷಿಯದಲ್ಲ, ನಮ್ಮದು.

ಬೇಲಿಹೂ ಅವರೇ, ಅಗತ್ಯ ಅನ್ನಿಸಿದರೆ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಬಹುದು. ಒಪ್ಪುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ನಿಮ್ಮ ವಕೀಲರ ಹತ್ತಿರ ನಕಲು ಇಟ್ಟುಕೊಂಡು ಮಾತಾಡಿ.

ಬೇಲಿಹೂ

ಎಲ್ಲರಿಗೂ ತುಂಬಾ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ನಕಲು ಸಿಗಲು ಎರಡು ವಾರ ಹಿಡಿಯಿತು.

ಬೆರಳಚ್ಚು ಸರ್, ನೀವು ಹೇಳಿದ ಹಾಗೇ ಇದೆ. ‘ಹುಡುಗನು ಅಡ್ಡಲಾಗಿ ಓಡಿ ಬಂದಿರಬಹುದು’ ಅಂತ ಅಮ್ಮನೇ ಹೇಳಿದ ಹಾಗೆ ಬರೆದಿದೆ. ಪ್ರಶ್ನೆ ಎಲ್ಲೂ ಇಲ್ಲ. ಆದರೆ ಅದಕ್ಕೂ ಮೊದಲ ಪುಟದಲ್ಲಿ, ಮುಖ್ಯ ವಿಚಾರಣೆಯಲ್ಲಿ, ‘ಹುಡುಗನು ನಿಂತು ಎರಡೂ ಕಡೆ ನೋಡಿ ರಸ್ತೆಗೆ ಕಾಲಿಟ್ಟನು’ ಅಂತಲೂ ಇದೆ. ಅಲ್ಲಿ ‘ಅನ್ಸುತ್ತೆ’ ಇಲ್ಲ. ಅದನ್ನು ಅಮ್ಮ ಹೇಳಿದ್ದು ನನಗೆ ನೆನಪೇ ಇರಲಿಲ್ಲ, ಕೊನೆಯ ಮಾತು ಒಂದೇ ತಲೆಯಲ್ಲಿ ಕೂತಿತ್ತು.

ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಏನೂ ಹೇಳಿಕೊಡಲಿಲ್ಲ ಕಪ್ಪುಕೋಟು ಸರ್, ಇದ್ದದ್ದನ್ನು ಓದಿದೆ ಅಷ್ಟೇ. ‘ಓಡಿ ಬಂದಿರಬಹುದು’ ಅಂತ ಬಂದಾಗ ತಡೆದು "ಇದು ನಾನು ಹೇಳಿದ್ದಲ್ಲ" ಅಂದರು. ಹೇಳಿದೆ ಅಮ್ಮ, ನಾನು ಅಲ್ಲೇ ಕೂತಿದ್ದೆ ಅಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅದು ಅವರ ಮಾತು. ನಾನು ಸುಮ್ನೆ ಹೂಂ ಅಂದೆ. ಹುಡುಗ ನಿಂತಿದ್ದ" ಅಂದರು.

ಮತ್ತೆ ಕರೆಸುವ ಅರ್ಜಿ ಹಾಕಿದ್ದೇವೆ. ಮುಂದಿನ ತಿಂಗಳು ಅದರ ವಿಚಾರಣೆ ಇದೆ. ಏನಾಯಿತು ಅಂತ ಬಂದು ಬರೆಯುತ್ತೇನೆ.